ಇಪ್ಪತ್ತನಾಲ್ಕು ಇಂಚಿನ ಬಾಗಿಲು: ಮನೆಯೊಳಗಿನ ವೀಲ್‌ಚೇರ್‌ನ ಕಥೆ

ಹೋದ ವರ್ಷ ದಸರಾ ರಜೆಗೆ ಊರಿಗೆ ಹೋಗುವಷ್ಟರಲ್ಲಿ ಅಜ್ಜಿ ಜಾರಿಬಿದ್ದು ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ ಮೂರು ವಾರ ಕಳೆದಿತ್ತು. ಅಪ್ಪ ಒಂದು ವೀಲ್‌ಚೇರ್ ಬಾಡಿಗೆಗೆ ತಂದಿದ್ದರು. ಅಜ್ಜಿಗೆ ಕಾಲಲ್ಲಿ ಬಲ ಇಲ್ಲದಿದ್ದರೂ ಕೈ ಗಟ್ಟಿ. ಐವತ್ತು ವರ್ಷ ಮುದ್ದೆ ತಿರುವಿದ ಕೈಗೆ ಗಾಲಿ ತಿರುಗಿಸೋದು ಯಾವ ಲೆಕ್ಕ? ಎರಡೇ ದಿನದಲ್ಲಿ ನಡುಮನೆಯಿಂದ ಅಡುಗೆಮನೆ ತನಕ ತಾವೇ ಓಡಾಡೋಕೆ ಶುರು ಮಾಡಿದ್ರು. ಆದರೆ ಬಚ್ಚಲುಮನೆ ಬಾಗಿಲ ಹತ್ತಿರ ಬಂದ ಕುರ್ಚಿ ಠಕ್ ಅಂತ ನಿಂತುಬಿಡ್ತು. ಟೇಪ್ ಹಿಡಿದು ಅಳೆದೆ. ಬಾಗಿಲು 24 ಇಂಚು, ಕುರ್ಚಿ ಇಪ್ಪತ್ತೈದೂವರೆ.

ಒಂದೂವರೆ ಇಂಚು, ಅಷ್ಟೇ. ಊರಿನ ಬಡಗಿ ಅದಕ್ಕೊಂದು ಉಪಾಯ ಹೇಳಿದ. ಹಳೆಯ ಮರದ ಊಟದ ಕುರ್ಚಿಯ ಕಾಲುಗಳಿಗೆ ನಾಲ್ಕು ಸಣ್ಣ ಗಾಲಿ ಹಾಕಿಕೊಟ್ಟ. ಅದು ಬಾಗಿಲಲ್ಲಿ ಸಲೀಸಾಗಿ ನುಗ್ಗಿತು. ಎಲ್ಲರಿಗೂ ಖುಷಿ, ಅಜ್ಜಿ ಒಬ್ಬರನ್ನು ಬಿಟ್ಟು. "ಇದ್ರಲ್ಲಿ ಕೂತ್ರೆ ಯಾರಾದ್ರೂ ತಳ್ತಾರಾ ಅಂತ ಬಾಯಿ ಬಿಟ್ಕೊಂಡು ಕಾಯ್ಬೇಕಲ್ಲೋ ಮಗ" ಅಂದ್ರು.

ಕಾಲೇಜಿಗೆ ವಾಪಸ್ ಬಂದಮೇಲೂ ಆ ಮಾತು ತಲೆಯಲ್ಲಿ ಉಳಿದಿತ್ತು. ಲೈಬ್ರರಿಯಲ್ಲಿ ವೀಲ್‌ಚೇರ್‌ಗಳ ಚರಿತ್ರೆ ಹುಡುಕ್ತಾ ಹೋದರೆ, ನಮ್ಮ ಬಚ್ಚಲುಮನೆ ಬಾಗಿಲಲ್ಲಿ ನಡೆದ ಜಗಳವೇ ನಾನೂರು ವರ್ಷದಿಂದ ನಡೆದುಕೊಂಡು ಬಂದಿದೆ ಅಂತ ಗೊತ್ತಾಯ್ತು. ಕುರ್ಚಿ ಕಿರಿದಾದರೆ ಮನೆಯೊಳಗೆ ಹಿಡಿಸುತ್ತೆ, ಆದರೆ ತಳ್ಳೋಕೆ ಇನ್ನೊಬ್ಬರು ಬೇಕು. ಕೂತವರೇ ಓಡಿಸುವಂತೆ ಮಾಡಿದರೆ ಅಗಲ ಜಾಸ್ತಿಯಾಗಿ ಬಾಗಿಲು ದಾಟಲ್ಲ. ಮನೆಯೊಳಗೆ ಬಳಸುವ ವೀಲ್‌ಚೇರ್‌ನ ವಿನ್ಯಾಸ ಅಂದರೆ ಹೆಚ್ಚುಕಡಿಮೆ ಈ ಎರಡರ ನಡುವಿನ ಹಗ್ಗಜಗ್ಗಾಟ.

ಸ್ಪೇನ್ ದೇಶದ ದೊರೆ ಎರಡನೇ ಫಿಲಿಪ್‌ನಿಂದ ಶುರು ಮಾಡೋಣ. ಅರ್ಧ ಜಗತ್ತನ್ನು ಆಳಿದವನು, ಆದರೆ ಕೊನೆಗಾಲದಲ್ಲಿ ಗೌಟ್ ಅನ್ನುವ ಕೀಲುಬೇನೆಯಿಂದ ಎದ್ದು ನಿಲ್ಲಲೂ ಆಗುತ್ತಿರಲಿಲ್ಲ. 1595ರ ಹೊತ್ತಿಗೆ ಅವನ ಆಸ್ಥಾನದಲ್ಲಿದ್ದ ಯೆಹಾನ್ ಲೆರ್ಮಿತ್ ಒಂದು ಕುರ್ಚಿ ರೂಪಿಸಿಕೊಟ್ಟ. ಅದರ ಚಿತ್ರ ಇವತ್ತಿಗೂ ಉಳಿದಿದೆ. ಬೆನ್ನು ಹಿಂದಕ್ಕೆ ವಾಲುತ್ತೆ, ಕಾಲಿಡುವ ಹಲಗೆ ಮೇಲೇಳುತ್ತೆ, ಹಗಲಿಗೆ ಕುರ್ಚಿ, ಬೇಕಾದರೆ ಹಾಸಿಗೆ. ನಮ್ಮ ಸ್ಲೀಪರ್ ಬಸ್ಸಿನ ಸೀಟು ನೆನಪಾಗಬಹುದು. ಗಾಲಿಗಳು ಮಾತ್ರ ಪುಟ್ಟವು, ಕುರ್ಚಿಯ ಕಾಲುಗಳ ಬುಡಕ್ಕೆ. ಕೂತ ರಾಜನಿಗೆ ಒಂದಂಗುಲ ಸರಿಯಬೇಕೆಂದರೂ ಆಳು ಬೇಕು. ರಾಜನಿಗೆ ಆಳುಗಳಿಗೇನು ಬರ, ಹಾಗಾಗಿ ವಿನ್ಯಾಸಕಾರ ಆ ದಿಕ್ಕಿನಲ್ಲಿ ಯೋಚಿಸಬೇಕಾಗಿಯೇ ಬರಲಿಲ್ಲ.

ಆಳುಗಳಿಲ್ಲದವನು ಬೇರೆ ಥರ ಯೋಚಿಸಿದ. ಜರ್ಮನಿಯ ನ್ಯೂರೆಂಬರ್ಗ್ ಹತ್ತಿರದ ಆಲ್ಟ್‌ಡಾರ್ಫ್ ಊರಿನ ಗಡಿಯಾರ ತಯಾರಕ ಸ್ಟೆಫಾನ್ ಫಾರ್ಫ್ಲರ್‌ಗೆ ಕಾಲುಗಳು ಬರುತ್ತಿರಲಿಲ್ಲ. 1655ರಲ್ಲಿ, ಇನ್ನೂ 22ರ ಹುಡುಗನಾಗಿದ್ದಾಗ, ತನಗಾಗಿ ಮೂರು ಗಾಲಿಯ ಬಂಡಿ ಕಟ್ಟಿಕೊಂಡ. ಕೈಯಿಂದ ಹಿಡಿಕೆ ತಿರುಗಿಸಿದರೆ ಹಲ್ಲುಚಕ್ರಗಳ ಮೂಲಕ ಮುಂದಿನ ಗಾಲಿ ತಿರುಗುತ್ತೆ. ದಿನವಿಡೀ ಗಡಿಯಾರದ ಹಲ್ಲುಚಕ್ರಗಳ ಜೊತೆಗೇ ಇರುವವನಿಗೆ ಇದು ಹೊಳೆದದ್ದು ಸಹಜವೇ. ನಮ್ಮೂರುಗಳ ರಸ್ತೆಯಲ್ಲಿ ಕೈಯಲ್ಲಿ ಪೆಡಲ್ ತಿರುಗಿಸುವ ತ್ರಿಚಕ್ರ ಬಂಡಿಗಳನ್ನು ನೋಡಿರ್ತೀರಲ್ಲ, ಅವುಗಳ ಮುತ್ತಜ್ಜ ಇದು. ಆದರೆ ಇದು ಬೀದಿಗೆ ಹೇಳಿಸಿದ ವಾಹನ. ನಡುಮನೆಯಲ್ಲಿ ತಿರುಗಿಸೋದು ಕಷ್ಟ.

ಇಂಗ್ಲೆಂಡಿನ ಬಾತ್ ಪಟ್ಟಣದ ಜಾನ್ ಡಾಸನ್ 1783ರ ಸುಮಾರಿಗೆ ಜನಪ್ರಿಯಗೊಳಿಸಿದ 'ಬಾತ್ ಚೇರ್' ಕೂಡ ಬೀದಿಯದ್ದೇ. ಬಿಸಿನೀರಿನ ಬುಗ್ಗೆಗೆ ಬರುವ ರೋಗಿಗಳನ್ನು ಕೂರಿಸಿಕೊಂಡು ಹೋಗುವ ಗಾಡಿ. ಹಿಂದೆ ಎರಡು ದೊಡ್ಡ ಗಾಲಿ, ಮುಂದೆ ಒಂದು ಸಣ್ಣದು. ದಿಕ್ಕು ತಿರುಗಿಸುವ ಹಿಡಿ ಮಾತ್ರ ಕೂತವರ ಕೈಯಲ್ಲಿ. ಸ್ಟೀರಿಂಗ್ ರೋಗಿಯದ್ದು, ಇಂಜಿನ್ ಆಳಿನದ್ದು.

ಮನೆಯೊಳಗಿನ ಸಮಸ್ಯೆಯನ್ನು ಎಂಜಿನಿಯರ್ ಥರ ಮೊದಲು ಬಿಡಿಸಿದವನು ಅಂತ ನಾನು ಒಪ್ಪೋದು ಜಾನ್ ಜೋಸೆಫ್ ಮರ್ಲಿನ್‌ನನ್ನು. 1735ರಲ್ಲಿ ಈಗಿನ ಬೆಲ್ಜಿಯಂನ ಹ್ಯೂಯಿಯಲ್ಲಿ ಹುಟ್ಟಿ ಲಂಡನ್ ಸೇರಿದ ಗಡಿಯಾರ ಮತ್ತು ವಾದ್ಯಗಳ ಕುಶಲಕರ್ಮಿ. ರೋಲರ್ ಸ್ಕೇಟ್ಸ್ ಕೂಡ ಇವನದ್ದೇ. ಒಂದು ಪಾರ್ಟಿಯಲ್ಲಿ ಅದನ್ನು ಹಾಕಿಕೊಂಡು ಪಿಟೀಲು ನುಡಿಸ್ತಾ ಬಂದು, ನಿಲ್ಲಿಸೋಕಾಗದೆ ದೊಡ್ಡ ಕನ್ನಡಿಗೆ ಗುದ್ದಿದ ಅಂತ ಒಂದು ಕಥೆಯಿದೆ. ಬ್ರೇಕ್ ಇಲ್ಲದ ಪ್ರೋಟೋಟೈಪ್ ಅನ್ನು ಡೆಮೋಗೆ ಒಯ್ದವರಲ್ಲಿ ನಾವೇ ಮೊದಲಿಗರಲ್ಲ ಅಂತ ಸಮಾಧಾನ ಮಾಡಿಕೊಳ್ಳಬಹುದು.

ಅವನು ಗೌಟ್ ರೋಗಿಗಳಿಗೆಂದು ಮಾಡಿದ ಕುರ್ಚಿ ನೋಡೋಕೆ ಮೆತ್ತನೆಯ ತೋಳುಕುರ್ಚಿಯೇ. ಎರಡೂ ತೋಳುಗಳ ತುದಿಯಲ್ಲಿ ಒಂದೊಂದು ತಿರುಗಿಸುವ ಹಿಡಿಕೆ. ಅಲ್ಲಿಂದ ದಂಡ ಮತ್ತು ಹಲ್ಲುಚಕ್ರಗಳ ಮೂಲಕ ಚಲನೆ ಕುರ್ಚಿಯ ಕೆಳಗಿನ ಗಾಲಿಗಳಿಗೆ ಇಳಿಯುತ್ತೆ. ಬಲಗೈಯ ಹಿಡಿಕೆಗೆ ಬಲಗಾಲಿ, ಎಡಗೈಯದ್ದಕ್ಕೆ ಎಡಗಾಲಿ. ಎರಡನ್ನೂ ಒಂದೇ ವೇಗದಲ್ಲಿ ತಿರುಗಿಸಿದರೆ ನೇರ, ಒಂದನ್ನೇ ತಿರುಗಿಸಿದರೆ ತಿರುವು, ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ತಿರುಗಿಸಿದರೆ ನಿಂತಲ್ಲೇ ಬುಗುರಿ. ಮೊದಲ ವರ್ಷದಲ್ಲಿ ಎಲ್ಲರೂ ಕಟ್ಟುವ ಲೈನ್ ಫಾಲೋವರ್ ರೋಬೋ ನೆನಪಾಯ್ತಾ? ಅದೇ ಡಿಫರೆನ್ಷಿಯಲ್ ಡ್ರೈವ್. ಮೋಟಾರಿನ ಜಾಗದಲ್ಲಿ ಮುಂಗೈ.

ಮರ್ಲಿನ್‌ನ ಜಾಣತನ ಇರೋದು ಅಗಲದಲ್ಲಿ. ಗಾಲಿಗಳು ಕುರ್ಚಿಯ ಕೆಳಗೇ ಇರುವುದರಿಂದ ಒಟ್ಟು ಅಗಲ ಒಂದು ತೋಳುಕುರ್ಚಿಯದ್ದಷ್ಟೇ. ಕೂತವರೇ ಓಡಿಸಬಹುದು, ಬಾಗಿಲೂ ದಾಟಬಹುದು. ಹಾಗಾದರೆ ಅಲ್ಲಿಗೇ ಕಥೆ ಮುಗೀಬೇಕಿತ್ತಲ್ಲ? ಮುಗಿಯಲಿಲ್ಲ. ಕುರ್ಚಿಯ ಕೆಳಗೆ ಹಿಡಿಸಬೇಕೆಂದರೆ ಗಾಲಿ ಸಣ್ಣದಿರಬೇಕು. ಗೇರುಗಳ ಘರ್ಷಣೆಯಲ್ಲಿ ಕೈಯ ಬಲ ಒಂದಷ್ಟು ಸೋರಿಹೋಗುತ್ತೆ. ಗಡಿಯಾರದವನ ಕೈಕೆಲಸ ಅಂದಮೇಲೆ ಬೆಲೆಯೂ ಗಡಿಯಾರದ್ದೇ. ಮರದ ನೆಲದ, ಶ್ರೀಮಂತರ ಮನೆಗೆ ಸರಿ. ನೆಲದಲ್ಲಿ ಒಂದು ಸಣ್ಣ ಏರು ಸಿಕ್ಕರೆ ಮುಗೀತು.

ಈ 'ಸಣ್ಣ ಏರು' ಎಷ್ಟು ದೊಡ್ಡದು ಅಂತ ಲೆಕ್ಕ ಹಾಕಿ ನೋಡೋಣ. ಗಾಲಿಯ ತ್ರಿಜ್ಯ r, ಹೊಸ್ತಿಲ ಎತ್ತರ h. ಹೊಸ್ತಿಲ ಅಂಚಿನ ಸುತ್ತ ಮೊಮೆಂಟ್ ತೆಗೆದುಕೊಂಡರೆ, ಆ ಗಾಲಿಯ ಮೇಲಿರುವ ಭಾರದ ಎಷ್ಟು ಪಾಲು ಬಲವನ್ನು ಅಡ್ಡಲಾಗಿ ಹಾಕಬೇಕು ಅನ್ನೋದು ಸಿಗುತ್ತೆ: 2rh − h² ಇದರ ವರ್ಗಮೂಲವನ್ನು r − h ಇಂದ ಭಾಗಿಸಿ. 2 ಸೆಂ.ಮೀ. ಹೊಸ್ತಿಲಿಗೆ 30 ಸೆಂ.ಮೀ. ತ್ರಿಜ್ಯದ ದೊಡ್ಡ ಗಾಲಿಯಾದರೆ ಭಾರದ 0.38 ಪಾಲು ಸಾಕು. 10 ಸೆಂ.ಮೀ. ಗಾಲಿಗೆ 0.75. ನಮ್ಮ ಬಡಗಿ ಹಾಕಿಕೊಟ್ಟಂಥ 4 ಸೆಂ.ಮೀ. ಗಾಲಿಗೆ 1.73, ಅಂದರೆ ಭಾರಕ್ಕಿಂತ ಜಾಸ್ತಿ ಬಲ! ಅದನ್ನು ತಳ್ಳಿ ದಾಟಿಸೋಕಾಗಲ್ಲ, ಎತ್ತಿಯೇ ದಾಟಿಸಬೇಕು. ಬಚ್ಚಲುಮನೆ ಹೊಸ್ತಿಲಲ್ಲಿ ಅಪ್ಪ ಪ್ರತಿ ಸಲ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ಎತ್ತುತ್ತಿದ್ದದ್ದು ಯಾಕೆ ಅಂತ ಈ ಲೆಕ್ಕ ಮಾಡಿದ ಮೇಲೇ ನನಗೆ ಅರ್ಥವಾದದ್ದು.

ಹಾಗಾಗಿ ಹತ್ತೊಂಬತ್ತನೇ ಶತಮಾನ ಗೇರುಗಳನ್ನು ಬಿಟ್ಟು ದೊಡ್ಡ ಗಾಲಿಯ ಕಡೆ ಹೊರಳಿತು. ಅಮೆರಿಕದ ಅಂತರ್ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರು ಸಾವಿರಾರು ಸಂಖ್ಯೆಯಲ್ಲಿ ಮನೆಗೆ ಮರಳಿದ್ದರು. 1869ರಲ್ಲಿ ಅಲ್ಲಿ ಪೇಟೆಂಟ್ ಪಡೆದ ಒಂದು ಕುರ್ಚಿಯಲ್ಲಿ ಕೂತವರೇ ಕೈಯಿಂದ ನೂಕುವ ದೊಡ್ಡ ಗಾಲಿಗಳೂ, ತಾವಾಗಿ ತಿರುಗಿಕೊಳ್ಳುವ ಸಣ್ಣ ಕ್ಯಾಸ್ಟರ್‌ಗಳೂ ಬಂದವು. ಮರದ ಚೌಕಟ್ಟು, ಬೆತ್ತದ ಹೆಣಿಗೆಯ ಸೀಟು ಮತ್ತು ಬೆನ್ನು. ಬೆತ್ತ ಹಗುರ, ಗಾಳಿಯಾಡುತ್ತೆ, ಇಡೀ ದಿನ ಕೂತರೆ ಮೈ ಬೇಯಲ್ಲ. ಆಮೇಲೆ ಸೈಕಲ್ ಯುಗ ಬಂದಾಗ ಅದರ ತಂತಿಕಡ್ಡಿಯ ಗಾಲಿ, ರಬ್ಬರ್ ಟೈರುಗಳು ಇಲ್ಲಿಗೂ ಬಂದವು. ಗಾಲಿಯ ಹೊರಗಡೆ ಕೈಯಿಂದ ಹಿಡಿಯೋಕೆ ಒಂದು ಬಳೆಯೂ ಬಂತು. ಅದೇ ಪುಶ್ ರಿಮ್. ನೆಲದ ಕೊಳೆ ಮೆತ್ತಿದ ಟೈರನ್ನು ಮುಟ್ಟದೇ ಗಾಲಿ ನೂಕಬಹುದು. ನೂಕಿದ ಕೈಯಲ್ಲೇ ಊಟ ಮಾಡಬೇಕಲ್ಲ!

ಆಗಿನ ಎಷ್ಟೋ ಮನೆಬಳಕೆಯ ಕುರ್ಚಿಗಳಲ್ಲಿ ದೊಡ್ಡ ಗಾಲಿ ಮುಂದೆ, ಸಣ್ಣದು ಹಿಂದೆ ಇರುತ್ತಿತ್ತು. ಇವತ್ತು ಉಲ್ಟಾ ಅನ್ನಿಸಿದರೂ ಕಾರಣ ಇದೆ. ಹೊಸ್ತಿಲನ್ನು ಮೊದಲು ಎದುರಿಸೋದು ದೊಡ್ಡ ಗಾಲಿ, ಮೇಲಿನ ಲೆಕ್ಕದ ಪ್ರಕಾರ ಅದೇ ಅನುಕೂಲ. ಕೈಗೂ ಸುಲಭವಾಗಿ ಎಟಕುತ್ತೆ. ಆದರೆ ಮಂಚದ ಪಕ್ಕ ಕುರ್ಚಿ ನಿಲ್ಲಿಸಿ ಅದಕ್ಕೆ ಸರಿಯಬೇಕೆಂದರೆ ಮಧ್ಯೆ ಗಾಲಿ ಅಡ್ಡ. ಮೇಜಿನ ಹತ್ತಿರ ಹೋದರೂ ಗಾಲಿಯೇ ಮೊದಲು ತಗಲುತ್ತೆ. ಅಂದರೆ ಓಡಾಡೋಕೆ ಚೆನ್ನಾಗಿದೆ, ಇಳಿಯೋಕೆ ಅಲ್ಲ. ಮನೆಯಲ್ಲಿ ದಿನಕ್ಕೆ ಎಷ್ಟು ಸಲ ಕೂತು ಎದ್ದು ಮಾಡ್ತೀವಿ ಲೆಕ್ಕ ಹಾಕಿ, ದೊಡ್ಡ ಗಾಲಿ ಹಿಂದಕ್ಕೆ ಯಾಕೆ ಹೋಯಿತು ಅಂತ ಗೊತ್ತಾಗುತ್ತೆ.

ಅಗಲದ ಲೆಕ್ಕ ಈಗ ಬಿಗಡಾಯಿಸಿತು. ಸೀಟು 18 ಇಂಚು ಅಂದುಕೊಳ್ಳಿ. ಎರಡೂ ಬದಿಗೆ ಚೌಕಟ್ಟು, ಅದರಾಚೆ ಗಾಲಿ, ಅದರಾಚೆ ಬಳೆ ಸೇರಿಸಿದರೆ 25 ಇಂಚು ದಾಟುತ್ತೆ. ಬಳೆ ಹಿಡಿದ ಬೆರಳಿನ ಗೆಣ್ಣುಗಳಿಗೆ ಇನ್ನಷ್ಟು ಜಾಗ ಬೇಕು, ಇಲ್ಲದಿದ್ದರೆ ಬಾಗಿಲ ಚೌಕಟ್ಟಿಗೆ ಉಜ್ಜಿ ಚರ್ಮ ಕಿತ್ತುಬರುತ್ತೆ. ಏಳೆಂಟು ಇಂಚು, ಕೂತವರ ಸ್ವಾತಂತ್ರ್ಯಕ್ಕೆ ಕೊಡುವ ಬೆಲೆ.

ಆ ಬೆಲೆ ಬೇಡವೆಂದವನೊಬ್ಬ ಅಮೆರಿಕದ ಅಧ್ಯಕ್ಷನಾದ. ಫ್ರಾಂಕ್ಲಿನ್ ರೂಸ್ವೆಲ್ಟ್‌ಗೆ 1921ರಲ್ಲಿ, 39ನೇ ವಯಸ್ಸಿನಲ್ಲಿ, ಪೋಲಿಯೋ ಅಂತ ಆಯಿತು. ಆ ಕಾಲದ ಬೆತ್ತದ ದೊಡ್ಡ ಕುರ್ಚಿಗಳು ಅವನಿಗೆ ಹಿಡಿಸಲಿಲ್ಲ. ತೋಳಿಲ್ಲದ ಸಾಮಾನ್ಯ ಊಟದ ಕುರ್ಚಿ ತೆಗೆದುಕೊಂಡು ಅದಕ್ಕೆ ಗಾಲಿ ಹಾಕಿಸಿದ. ಹೌದು, ನಮ್ಮೂರ ಬಡಗಿ ಮಾಡಿದ್ದೇ! ಕಿರಿದಾದ ಬಾಗಿಲಲ್ಲೂ ನುಗ್ಗುತ್ತೆ, ಪಕ್ಕದಲ್ಲಿ ತೋಳಿಲ್ಲದ ಕಾರಣ ಸೋಫಾಕ್ಕೋ ಕಾರಿಗೋ ಸರಿಯೋದು ಸುಲಭ, ದೂರದಿಂದ ನೋಡಿದರೆ ಬರೀ ಕುರ್ಚಿ. ತಾನು ನಡೆಯಲಾರೆ ಅನ್ನೋದು ಎದ್ದು ಕಾಣಬಾರದು ಅಂತ ಬಯಸಿದ ರಾಜಕಾರಣಿಗೆ ಕೊನೆಯದ್ದೂ ಮುಖ್ಯವೇ. ಅವನು ವೀಲ್‌ಚೇರ್‌ನಲ್ಲಿರುವ ಫೋಟೋಗಳು ಬೆರಳೆಣಿಕೆಯಷ್ಟು.

ಆ ಕುರ್ಚಿ ಅವನಿಗೆ ಒಗ್ಗಿದ್ದು ಸುತ್ತ ತಳ್ಳುವವರಿದ್ದ ಕಾರಣಕ್ಕೆ. ಫಿಲಿಪ್ ದೊರೆಯ ಕಥೆಯೇ ಮತ್ತೆ. ಆದರೂ ಒಂದು ವಿಷಯದಲ್ಲಿ ರೂಸ್ವೆಲ್ಟ್ ಆಳನ್ನು ನಂಬಿ ಕೂರಲಿಲ್ಲ. ಹೈಡ್ ಪಾರ್ಕಿನ ಅವನ ಮನೆಯಲ್ಲಿ ಪೆಟ್ಟಿಗೆಗಳನ್ನು ಮಹಡಿಗೆ ಸಾಗಿಸಲು ಮಾಡಿದ್ದ ಹಗ್ಗ ರಾಟೆಯ ಲಿಫ್ಟ್ ಇತ್ತು. ಕುರ್ಚಿಯ ಸಮೇತ ಅದರೊಳಗೆ ಹೋಗಿ, ತನ್ನ ತೋಳಿನ ಬಲದಿಂದಲೇ ಹಗ್ಗ ಎಳೆದು ಮೇಲೇರುತ್ತಿದ್ದ. ಓಡಲಾಗದವನಿಗೆ ಬೆಂಕಿಯ ಭಯ ವಿಪರೀತ, ವಿದ್ಯುತ್ ಲಿಫ್ಟ್‌ನಲ್ಲಿ ಕರೆಂಟ್ ಹೋಗಿ ಸಿಕ್ಕಿಕೊಂಡರೆ ಗತಿಯೇನು? ಮುಂದೆ 1938-39ರಲ್ಲಿ ಅದೇ ಎಸ್ಟೇಟಿನಲ್ಲಿ ಟಾಪ್ ಕಾಟೇಜ್ ಅನ್ನುವ ಮನೆ ಕಟ್ಟಿಸಿದಾಗ ಬಾಗಿಲುಗಳಿಗೆ ಹೊಸ್ತಿಲೇ ಇರದಂತೆ, ಕಿಟಕಿಗಳು ಕೂತ ಕಣ್ಣಿನ ಮಟ್ಟಕ್ಕೆ ಬರುವಂತೆ ನೋಡಿಕೊಂಡ. ಕುರ್ಚಿಯನ್ನು ಮನೆಗೆ ಹೊಂದಿಸಿ ಸಾಕಾಗಿ ಮನೆಯನ್ನೇ ಕುರ್ಚಿಗೆ ಹೊಂದಿಸಿದ ಅನ್ನಿ. ಕೈಯಲ್ಲಿ ದುಡ್ಡಿತ್ತು, ಮಾಡಿದ.

ಹೆಚ್ಚುಕಡಿಮೆ ಅದೇ ಕಾಲಕ್ಕೆ ಲಾಸ್ ಏಂಜಲೀಸ್‌ನಲ್ಲಿ ಇಬ್ಬರು ಎಂಜಿನಿಯರುಗಳು ಇವತ್ತು ಯಾವ ಆಸ್ಪತ್ರೆಗೆ ಹೋದರೂ ಕಾಣುವ ಕುರ್ಚಿಯನ್ನು ಕಟ್ಟುತ್ತಿದ್ದರು. ಹರ್ಬರ್ಟ್ ಎವರೆಸ್ಟ್ ಗಣಿ ಎಂಜಿನಿಯರ್. 1918ರ ಗಣಿ ಅಪಘಾತದಲ್ಲಿ ಬೆನ್ನುಮೂಳೆ ಮುರಿದಿತ್ತು. ಆಗಿನ ಕುರ್ಚಿಗಳ ತೂಕ 40 ಕೆ.ಜಿ. ಆಸುಪಾಸು, ಕಾರಿನಲ್ಲಿ ಇಡೋದು ಕನಸಿನ ಮಾತು. ಅವನ ಗೆಳೆಯ ಹ್ಯಾರಿ ಜೆನ್ನಿಂಗ್ಸ್ ಮೆಕ್ಯಾನಿಕಲ್ ಎಂಜಿನಿಯರ್. ಇಬ್ಬರೂ ಸೇರಿ 1930ರ ದಶಕದ ಆರಂಭದಲ್ಲಿ ಉಕ್ಕಿನ ಕೊಳವೆಗಳಿಂದ ಮಡಿಚುವ ಕುರ್ಚಿ ಮಾಡಿದರು. ತೂಕ ಸುಮಾರು 23 ಕೆ.ಜಿ. ಪೇಟೆಂಟ್ ಸಿಕ್ಕಿದ್ದು 1937ರಲ್ಲಿ.

ಇದರ ಜೀವಾಳ ಸೀಟಿನ ಕೆಳಗಿರುವ X. ಎರಡು ಸರಳುಗಳು ನಡುವೆ ಒಂದು ಪಿನ್ನಿನಿಂದ ಸೇರಿಕೊಂಡಿವೆ, ಕತ್ತರಿಯ ಹಾಗೆ. ಪ್ರತಿ ಸರಳಿನ ಕೆಳತುದಿ ಒಂದು ಬದಿಯ ಚೌಕಟ್ಟಿಗೆ, ಮೇಲ್ತುದಿ ಇನ್ನೊಂದು ಬದಿಯ ಸೀಟಿನ ಕೊಳವೆಗೆ. ಎರಡು ಸೀಟು ಕೊಳವೆಗಳ ನಡುವೆ ಬರೀ ಬಟ್ಟೆ. ಮನುಷ್ಯ ಕೂತಾಗ ಭಾರ ಕೊಳವೆಗಳನ್ನು ಕೆಳಕ್ಕೊತ್ತುತ್ತೆ, X ಅಗಲವಾಗೋಕೆ ನೋಡುತ್ತೆ, ಬಟ್ಟೆ ಬಿಗಿದು ತಡೆಯುತ್ತೆ. ಅಂದರೆ ಕೂತವರ ತೂಕವೇ ಕುರ್ಚಿಯನ್ನು ತೆರೆದಿಡುವ ಬೀಗ. ಎದ್ದಮೇಲೆ ಬಟ್ಟೆಯನ್ನು ನಡುವೆ ಹಿಡಿದು ಮೇಲಕ್ಕೆತ್ತಿದರೆ ಇಡೀ ಕುರ್ಚಿ ಒಂದಡಿಗಿಂತ ಕಡಿಮೆ ಅಗಲಕ್ಕೆ ಮುದುಡುತ್ತೆ. ಬೀಗಕ್ಕೆ ಬೇರೆ ಭಾಗವೇ ಇಲ್ಲ! ಡಿಸೈನ್ ತರಗತಿಯಲ್ಲಿ ಹೇಳಿಕೊಡಬೇಕಾದ ಉದಾಹರಣೆ ಇದು.

ದೋಷವೂ ಅದೇ ಬಟ್ಟೆಯಲ್ಲಿದೆ. ಕಾಲ ಕಳೆದಂತೆ ಜೋತುಬೀಳುತ್ತೆ, ಕೂತವರ ತೊಡೆಗಳು ಒಳಕ್ಕೆ ವಾಲಿ ಬೆನ್ನು ಬಾಗುತ್ತೆ. ತಿರುಗುವ ಕೀಲುಗಳಿರುವ ಚೌಕಟ್ಟು ಬಳುಕುತ್ತೆ, ನೂಕುವ ಬಲದಲ್ಲಿ ಒಂದು ಪಾಲು ಆ ಬಳುಕಿಗೇ ಖರ್ಚು. ಈ ಕುರ್ಚಿಯ ಕಂಪನಿ ಎಷ್ಟು ಬೆಳೆಯಿತೆಂದರೆ, 1977ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಏಕಸ್ವಾಮ್ಯದ ಆರೋಪ ಹೊರಿಸಿ ಮೊಕದ್ದಮೆ ಹೂಡಿತು. ಅದಾದ ಎರಡೇ ವರ್ಷಕ್ಕೆ ಹ್ಯಾಂಗ್ ಗ್ಲೈಡಿಂಗ್ ಅಪಘಾತದಲ್ಲಿ ಕಾಲು ಕಳೆದುಕೊಂಡಂತಾಗಿದ್ದ ಮರ್ಲಿನ್ ಹ್ಯಾಮಿಲ್ಟನ್ ಎಂಬಾಕೆ, ಗ್ಲೈಡರ್ ಕಟ್ಟುವ ಗೆಳೆಯರ ಜೊತೆ ಸೇರಿ ಅದೇ ಅಲ್ಯೂಮಿನಿಯಂ ಕೊಳವೆಗಳಿಂದ ಇದರ ಅರ್ಧದಷ್ಟು ತೂಕದ ಕುರ್ಚಿ ಮಾಡಿದ್ದು ಬೇರೆಯೇ ಕಥೆ.

ಒಂದು ಪ್ರಶ್ನೆ ಉಳಿಯಿತು. ಬೆನ್ನುಹುರಿ ಪೆಟ್ಟಾದವರಿಗೆ ತಾವೇ ಓಡಿಸುವ ಇಂಥ ಕುರ್ಚಿ ಬರೋಕೆ ಇಪ್ಪತ್ತನೇ ಶತಮಾನ ಯಾಕೆ ಬೇಕಾಯಿತು? ಉಕ್ಕಿನ ಕೊಳವೆ ಅದಕ್ಕೂ ಮುಂಚೆ ಇತ್ತಲ್ಲ. ಉತ್ತರ ಸ್ವಲ್ಪ ಕಹಿ. ಹಿಂದೆ ಅಂಥವರಲ್ಲಿ ಹೆಚ್ಚಿನವರು ಮೂತ್ರದ ಸೋಂಕು, ಹಾಸಿಗೆ ಹುಣ್ಣುಗಳಿಂದ ಬೇಗ ತೀರಿಕೊಳ್ಳುತ್ತಿದ್ದರು. ಎವರೆಸ್ಟ್‌ನಂಥವರು ಅಪರೂಪ. ಎರಡನೇ ಮಹಾಯುದ್ಧದ ಹೊತ್ತಿಗೆ ಆ್ಯಂಟಿಬಯೋಟಿಕ್‌ಗಳು ಮತ್ತು ಹೊಸ ಬಗೆಯ ಆರೈಕೆ ಬಂದಮೇಲೆ ಗಾಯಾಳು ಸೈನಿಕರು ಬದುಕುಳಿದು ಮನೆಗೆ ಬಂದರು. ಬಂದವರು ತರುಣರು, ಮುಂದೆ ಇಡೀ ಆಯುಷ್ಯ ಇತ್ತು. ಅವರ ಕುರ್ಚಿ ಮನೆ ಬಾಗಿಲಲ್ಲಿ ಸಿಕ್ಕಿಕೊಂಡಿತು.

1948ರಲ್ಲಿ ಅಮೆರಿಕ ಸರ್ಕಾರ ಇಂಥ ಸೈನಿಕರಿಗೆ ಮನೆ ಕಟ್ಟಿಕೊಳ್ಳಲು ಅಥವಾ ಬದಲಾಯಿಸಿಕೊಳ್ಳಲು 10,000 ಡಾಲರ್‌ವರೆಗೆ ನೆರವು ಕೊಡುವ ಕಾನೂನು ತಂದಿತು. ಅದೇ ವರ್ಷ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಟಿಮೊತಿ ನ್ಯೂಜೆಂಟ್ ವೀಲ್‌ಚೇರ್ ಬಳಸುವ ವಿದ್ಯಾರ್ಥಿಗಳಿಗಾಗಿ ಒಂದು ಕಾರ್ಯಕ್ರಮ ಶುರುಮಾಡಿದರು. ಅಲ್ಲಿ ನಡೆದ ಅಳತೆ, ಪ್ರಯೋಗಗಳಿಂದ 1961ರಲ್ಲಿ ಕಟ್ಟಡಗಳ ಬಗ್ಗೆ ಅಮೆರಿಕದ ಮೊದಲ ಮಾನದಂಡ ಹೊರಬಂತು. ಪ್ರಯೋಗ ಮಾಡಿದವರು ಯಾರು? ನಮ್ಮಂಥ ಹಾಸ್ಟೆಲ್ ಹುಡುಗರೇ, ಕ್ಯಾಂಪಸ್ಸಿನಲ್ಲಿ ಕ್ಲಾಸಿಗೆ ಹೋಗಿಬರುವವರೇ.

ಆ ಮಾನದಂಡ ಮೊದಲು ಕುರ್ಚಿಯನ್ನು ಅಳೆಯುತ್ತೆ: ಉದ್ದ 42 ಇಂಚು, ತೆರೆದಾಗ ಅಗಲ 25, ಮಡಿಚಿದಾಗ 11. ಎವರೆಸ್ಟ್ ಮತ್ತು ಜೆನ್ನಿಂಗ್ಸ್ ಮಾದರಿಯ ಕುರ್ಚಿಯ ಮೈಕಟ್ಟೇ ಅದು. ಆಮೇಲೆ ಕಟ್ಟಡಕ್ಕೆ ಬರುತ್ತೆ: ಬಾಗಿಲ ತೆರವು 32 ಇಂಚಿಗೆ ಕಡಿಮೆ ಇರಬಾರದು, ತಿರುಗಲು 60 ಇಂಚು ಚೌಕ ಜಾಗ ಬೇಕು, ಇಳಿಜಾರು 12ಕ್ಕೆ 1ಕ್ಕಿಂತ ಕಡಿದಾಗಿರಬಾರದು. ಸಿವಿಲ್‌ನವರು ಬಾಯಿಪಾಠ ಮಾಡುವ 1:12 ಇಲ್ಲೂ ಇದೆ ನೋಡಿ. ಒಬ್ಬ ಗಣಿ ಎಂಜಿನಿಯರ್ ತನ್ನ ಕಾರಿಗೆ ಹಿಡಿಸಲಿ ಅಂತ ಮಾಡಿಸಿಕೊಂಡ ಕುರ್ಚಿ ಕಟ್ಟಡಗಳಿಗೆ ಅಳತೆಗೋಲಾಯಿತು. ಭಾರತದ ಈಗಿನ ಮಾರ್ಗಸೂಚಿ ಬಾಗಿಲಿಗೆ ಕೇಳುವುದು 900 ಮಿ.ಮೀ. ತೆರವು, ಅಂದರೆ ಮೂವತ್ತೈದೂವರೆ ಇಂಚು ಸುಮಾರು. ಅದು ಸಾರ್ವಜನಿಕ ಕಟ್ಟಡಗಳ ಮಾತು. ನಮ್ಮ ಮನೆಯ ಬಚ್ಚಲಿಗೆ ಯಾವ ಮಾರ್ಗಸೂಚಿ?

ಸಂಕ್ರಾಂತಿಗೆ ಊರಿಗೆ ಹೋದಾಗ ಬಚ್ಚಲುಮನೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ 32 ಇಂಚು ಗುರುತು ಹಾಕಿದೆ. ಆ ಗೋಡೆ ಭಾರ ಹೊರುವ ಗೋಡೆಯಲ್ಲ ಅಂತ ಸಿವಿಲ್ ಓದುವ ಗೆಳೆಯನಿಗೆ ಫೋಟೋ ಕಳಿಸಿ, ಆಮೇಲೆ ಊರಿನ ಮೇಸ್ತ್ರಿಯನ್ನೂ ಕರೆಸಿ ಖಾತ್ರಿ ಮಾಡಿಕೊಂಡೆ. ಹೊಸ್ತಿಲು ತೆಗೆದರೆ ನೀರು ನಡುಮನೆಗೆ ಬರುತ್ತಲ್ಲ ಅಂತ ಅಮ್ಮ ತಕರಾರು ತೆಗೆದರು. ನೆಲವನ್ನು ಮೂಲೆಯ ಮೋರಿಯ ಕಡೆಗೆ ಇಳಿಜಾರು ಮಾಡಿ, ಬಾಗಿಲ ಬುಡದಲ್ಲಿ ಜಾಲರಿ ಹಾಕಿದ ಸಣ್ಣ ಕಾಲುವೆ ಕೊಡೋದು ಅಂತ ತೀರ್ಮಾನವಾಯಿತು. ಅಜ್ಜಿ ಬಾಡಿಗೆ ಕುರ್ಚಿಯಲ್ಲಿ ಬಂದು ಗುರುತನ್ನು ಒಂದು ಸಲ ನೋಡಿ, ಎರಡೂ ಕೈಯನ್ನು ಬಳೆಯ ಮೇಲಿಟ್ಟು ಮೊಣಕೈ ಅಗಲಿಸಿ ಕೇಳಿದ್ರು:

"ಕೈ ಇಟ್ಕೊಂಡು ಅಳೆದ್ಯಾ, ಬರೀ ಕುರ್ಚಿ ಅಳೆದ್ಯಾ?"

ಗುರುತು ಅಳಿಸಿ 34 ಮಾಡಿದೆ.